ಸಂಪಾದಕರ ಉತ್ತರ: ಮೂರು ಬಸ್ಸು ಒಟ್ಟಿಗೆ ಬಂದ ದಿನ

ಓದುಗರೊಬ್ಬರು ಬರೆದಿದ್ದಾರೆ:

"ಕಳೆದ ಸಂಚಿಕೆಯಲ್ಲಿ ಹೊಗೆ ಮತ್ತು ಟ್ರಾಫಿಕ್ ಬಗ್ಗೆ ನೀವು ಬರೆದದ್ದು ಓದಿದೆ. ಮತ್ತೆ ಕಾರಿನವರ ಮೇಲೇ ಗೂಬೆ ಕೂರಿಸಿದ್ದೀರಿ. ನಾನು ಎಂಟು ವರ್ಷ ಬಸ್ಸಿನಲ್ಲೇ ಆಫೀಸಿಗೆ ಹೋದವಳು. ಒಂದು ದಿನ ಮುಕ್ಕಾಲು ಗಂಟೆ ಕಾದೆ. ಆಮೇಲೆ ಒಂದೇ ನಂಬರಿನ ಮೂರು ಬಸ್ಸು ಒಂದರ ಹಿಂದೆ ಒಂದು ಬಂದವು. ಮೊದಲನೆಯದರಲ್ಲಿ ಕಾಲಿಡಲು ಜಾಗ ಇಲ್ಲ. ಮೂರನೆಯದು ಹೆಚ್ಚುಕಮ್ಮಿ ಖಾಲಿ, ಆದರೆ ನಿಲ್ಲಿಸಲೇ ಇಲ್ಲ. ಅದೇ ತಿಂಗಳು ಕಾರು ತಗೊಂಡೆ. ತಪ್ಪಾ? ರಸ್ತೆ ಅಗಲ ಮಾಡಲಿ, ಮೇಲ್ಸೇತುವೆ ಕಟ್ಟಲಿ, ಎಲ್ಲರೂ ಎಲೆಕ್ಟ್ರಿಕ್ ಗಾಡಿಗೆ ಬರಲಿ. ಜಾಮೂ ಹೋಗುತ್ತದೆ, ಹೊಗೆಯೂ ಹೋಗುತ್ತದೆ. ಬಸ್ಸು ಬಸ್ಸು ಅಂತ ಇನ್ನೆಷ್ಟು ದಿನ ಬರೆಯುತ್ತೀರಿ? ನಾನೇನು ಕಾರು ಮಾರಬೇಕಾ?"

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೋಪ ಇದೆ, ಆದರೆ ಸುಳ್ಳಿಲ್ಲ. ಕಾರು ತಗೊಂಡದ್ದು ತಪ್ಪಲ್ಲ. ರಾತ್ರಿ ಪಾಳಿ ಮುಗಿಸಿ ಬರುವವರಿಗೆ, ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡವರಿಗೆ, ಮೊಣಕಾಲು ಮಡಚಲಾಗದ ವಯಸ್ಸಾದವರಿಗೆ ಕಾರು ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ಒಂದು ಸಂಗತಿ ನನ್ನನ್ನು ಹಿಡಿದು ಕೂರಿಸಿತು. ಆ ಮೂರು ಬಸ್ಸು. ಎಂಟು ವರ್ಷದ ನಿಮ್ಮ ಅಭ್ಯಾಸವನ್ನು ಒಂದೇ ದಿನದಲ್ಲಿ ಬಿಡಿಸಿದ ಆ ಮೂರು ಬಸ್ಸು ಯಾಕೆ ಒಟ್ಟಿಗೆ ಬಂದವು ಅಂತ ನೀವು ಕೇಳಲಿಲ್ಲ. ಕೇಳಬೇಕಿತ್ತು.

ಹತ್ತು ನಿಮಿಷಕ್ಕೊಂದು ಬಸ್ಸು ಇದೆ ಅಂದುಕೊಳ್ಳಿ. ಮೊದಲನೆಯದು ಒಂದು ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡು ನಾಲ್ಕು ನಿಮಿಷ ತಡವಾಯಿತು. ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಜನ ಜಾಸ್ತಿ ಸೇರಿದರು. ಅವರೆಲ್ಲ ಹತ್ತಬೇಕು, ಹತ್ತಲು ಹೊತ್ತು ಬೇಕು. ಬಸ್ಸು ಇನ್ನೂ ತಡ. ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಜಾಸ್ತಿ ಜನ. ಹಿಂದಿನ ಬಸ್ಸಿಗೆ ಇದರ ತದ್ವಿರುದ್ಧ. ಅದರ ಪಾಲಿನ ಜನರನ್ನು ಮುಂದಿನದೇ ಹತ್ತಿಸಿಕೊಂಡಿದೆ. ಸ್ಟಾಪಿನಲ್ಲಿ ಇಬ್ಬರೋ ಮೂವರೋ. ಅದು ನಿಲ್ಲುವುದು ಕಡಿಮೆ, ಓಡುವುದು ಜಾಸ್ತಿ. ಹೀಗೆ ಮುಂದಿನದು ನಿಧಾನವಾಗುತ್ತಾ, ಹಿಂದಿನದು ಬೇಗವಾಗುತ್ತಾ, ಕೊನೆಗೆ ಒಂದರ ಬಾಲಕ್ಕೆ ಒಂದು ಅಂಟಿಕೊಳ್ಳುತ್ತವೆ. ಮೊದಲನೆಯದು ಕಿಕ್ಕಿರಿದಿರುತ್ತದೆ, ಕೊನೆಯದು ಖಾಲಿ. ನೀವು ಕಂಡದ್ದು ಇದನ್ನೇ. ನ್ಯೂಯೆಲ್ ಮತ್ತು ಪಾಟ್ಸ್ ಎಂಬ ಇಬ್ಬರು ಸಂಶೋಧಕರು 1964ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಡ್ರೈವರ್ ಸೋಮಾರಿಯಲ್ಲ, ಡಿಪೋದವರು ಮೋಸ ಮಾಡಿಲ್ಲ. ಎಲ್ಲೋ ಒಂದು ಕಡೆ ಆದ ಇಂಥ ಮೊದಲ ಸಣ್ಣ ತಡವೇ ಬೆಳೆದು ನಿಮ್ಮ ಮುಕ್ಕಾಲು ಗಂಟೆಯಾಗಿರಬೇಕು. ಮೂರನೆಯದು ನಿಲ್ಲಿಸದೆ ಹೋದದ್ದಕ್ಕೆ ಮಾತ್ರ ನನ್ನ ಬಳಿ ಸಮಜಾಯಿಷಿ ಇಲ್ಲ. ಅದು ತಪ್ಪೇ.

ಹಾಗಾದರೆ ಆ ಮೊದಲ ತಡ ಯಾಕಾಯಿತು? ಬಸ್ಸಿನ ಮುಂದೆ ಕಾರುಗಳ ಸಾಲು ಇತ್ತು ಅಂತ.

ಒಂದು ಬೆಳಿಗ್ಗೆ ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ ಗಡಿಯಾರ, ಚೀಟಿ ಹಿಡಿದು ಕೂತಿದ್ದೆ. ಪ್ರಯಾಣ ಐವತ್ತೆರಡು ನಿಮಿಷದ್ದು. ಚಕ್ರ ನಿಂತಾಗಲೆಲ್ಲ ಬರೆದುಕೊಂಡೆ. ಸ್ಟಾಪಿನಲ್ಲಿ ಜನ ಹತ್ತಿ ಇಳಿಯಲು ಹಿಡಿದದ್ದು ಎಂಟು ನಿಮಿಷ. ಸುಮ್ನೆ ಬೇರೆ ಗಾಡಿಗಳ ಹಿಂದೆ ನಿಂತದ್ದು ಇಪ್ಪತ್ತಮೂರು ನಿಮಿಷ. ಬಸ್ಸಿನಲ್ಲಿ ಎಪ್ಪತ್ತು ಜನ ಇದ್ದೆವು. ನಮ್ಮ ಮುಂದೆ ಒಂದು ಸಿಗ್ನಲ್ಲಿನಲ್ಲಿ ಹನ್ನೊಂದು ಕಾರು ಎಣಿಸಿದೆ. ಒಳಗೆ ಒಟ್ಟು ಹದಿನಾಲ್ಕು ಜನ. ಎಪ್ಪತ್ತು ಜನ ಹದಿನಾಲ್ಕು ಜನರಿಗಾಗಿ ಕಾಯುತ್ತಿದ್ದೆವು! ನಮ್ಮ ಡ್ರೈವರ್ ಒಂದು ಸಲವೂ ಹಾರ್ನ್ ಒತ್ತಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಮಡಚಿ ಇಟ್ಟು ಮುಂದೆ ನೋಡುತ್ತಾ ಕೂತಿದ್ದರು. ಅವರ ತಾಳ್ಮೆ ಕಂಡು ನನಗೆ ಅಳು ಬಂತು.

ಈಗ ನಿಮ್ಮ ಕಥೆಗೆ ಬರೋಣ. ಬಸ್ಸು ತಡ ಅಂತ ನೀವು ಕಾರು ತಗೊಂಡಿರಿ. ನಿಮ್ಮ ಕಾರು ಆ ಸಾಲಿನಲ್ಲಿ ಹನ್ನೆರಡನೆಯದಾಯಿತು. ಬಸ್ಸು ಇನ್ನಷ್ಟು ತಡವಾಯಿತು. ನಿಮ್ಮ ಪಕ್ಕ ಕೂರುತ್ತಿದ್ದವರೂ ಬೇಸತ್ತು ಗಾಡಿ ತಗೊಂಡರು. ಜನ ಕಡಿಮೆಯಾದರು ಅಂತ ಡಿಪೋದವರು ಟ್ರಿಪ್ ಕಡಿಮೆ ಮಾಡಿದರು. ಕಾಯುವುದು ಜಾಸ್ತಿಯಾಯಿತು. ಇನ್ನೂ ನಾಲ್ಕು ಜನ ಬಿಟ್ಟರು. ಈಗ ನಿಮ್ಮ ಕಾರೂ ಓಡುತ್ತಿಲ್ಲ, ಅಲ್ವಾ? ಪತ್ರದಲ್ಲಿ ನೀವೇ ಜಾಮಿನ ಬಗ್ಗೆ ದೂರಿದ್ದೀರಿ. ಡೌನ್ಸ್, ಥಾಮ್ಸನ್ ಎಂಬ ಇಬ್ಬರು ಸಂಶೋಧಕರ ಹೆಸರಿನಲ್ಲಿ ಒಂದು ಮಾತು ಉಳಿದುಕೊಂಡಿದೆ. ದಟ್ಟಣೆಯ ಹೊತ್ತಿನಲ್ಲಿ ಕಾರಿನವರು ಮನೆಯಿಂದ ಆಫೀಸು ಮುಟ್ಟುವ ವೇಗವನ್ನು ತೀರ್ಮಾನಿಸುವುದು ತಮ್ಮದೇ ದಾರಿಯಿರುವ ಬಸ್ಸು, ರೈಲಿನ ವೇಗ ಅಂತ. ಬಸ್ಸು ನಿಧಾನವಾದರೆ ಜನ ಕಾರಿಗೆ ಬರುತ್ತಾರೆ. ಎರಡೂ ಒಂದೇ ನಿಧಾನಕ್ಕೆ ಬರುವ ತನಕ ಬರುತ್ತಲೇ ಇರುತ್ತಾರೆ. ಬಸ್ಸು ಬೇಗ ಓಡಿದರೆ ಒಂದಷ್ಟು ಜನ ಕಾರು ಮನೆಯಲ್ಲಿ ಬಿಡುತ್ತಾರೆ, ಉಳಿದ ಕಾರುಗಳಿಗೂ ದಾರಿ ಬಿಡುವಾಗುತ್ತದೆ. ನಾನು ಬಸ್ಸಿನ ಪರ ಬರೆದಾಗಲೆಲ್ಲ ನಿಮ್ಮ ಕಾರಿನ ಪರವೂ ಬರೆಯುತ್ತಿದ್ದೇನೆ. ಇದನ್ನು ದಯವಿಟ್ಟು ನಂಬಿ.

ರಸ್ತೆ ಅಗಲ ಮಾಡಲಿ ಅಂದಿರಿ. ಮಾಡಿ ನೋಡಿದ್ದಾರೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕೇಟಿ ಫ್ರೀವೇ ಎಂಬ ಹೆದ್ದಾರಿಯನ್ನು 2008ರ ಹೊತ್ತಿಗೆ ಹಿಗ್ಗಿಸಿದರು. ಪಕ್ಕದ ರಸ್ತೆಗಳೂ ಸೇರಿ ಕೆಲವು ಕಡೆ 26 ಲೇನ್. ಕೆಲವೇ ವರ್ಷಗಳಲ್ಲಿ ಬೆಳಿಗ್ಗೆ, ಸಂಜೆಯ ಪ್ರಯಾಣದ ಸಮಯ ಮತ್ತೆ ಏರಿತು. ಅದೇ ದೇಶದ ನಗರಗಳ ಹೆದ್ದಾರಿ ಲೆಕ್ಕವನ್ನೆಲ್ಲ ಕೂಡಿಸಿ ನೋಡಿ 2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಹೇಳಿದ್ದು ಇಷ್ಟೇ: ರಸ್ತೆ ಎಷ್ಟು ಹೆಚ್ಚಿತೋ ಗಾಡಿ ಓಡಾಟವೂ ಹೆಚ್ಚುಕಮ್ಮಿ ಅಷ್ಟೇ ಹೆಚ್ಚಿತು. ಜಾಗ ಇದೆ ಅಂತ ಕಂಡ ಕೂಡಲೇ, ಮೊದಲು ಹೊರಡದೇ ಇದ್ದವರೂ ಹೊರಡುತ್ತಾರೆ. ಹೊತ್ತು ತಪ್ಪಿಸಿ ಹೋಗುತ್ತಿದ್ದವರು ಅದೇ ಹೊತ್ತಿಗೆ ಬರುತ್ತಾರೆ. ದೂರದಲ್ಲಿ ಮನೆ ಮಾಡುತ್ತಾರೆ.

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಉಲ್ಟಾ ಮಾಡಿದರು. ಚೊಂಗ್‌ಗ್ಯೆಚೊನ್ ಎಂಬ ತೊರೆಯ ಮೇಲೆ ಕಟ್ಟಿದ್ದ ಮೇಲ್ಸೇತುವೆ ರಸ್ತೆಯನ್ನು 2003ರಲ್ಲಿ ಕೆಡವಲು ಶುರುಮಾಡಿದರು. ಊರೇ ಸ್ತಬ್ಧವಾಗುತ್ತದೆ ಅಂತ ಹೆದರಿದವರು ಬಹಳ. 2004ರಲ್ಲಿ ಬಸ್ಸುಗಳ ಮಾರ್ಗವನ್ನೆಲ್ಲ ಹೊಸದಾಗಿ ಜೋಡಿಸಿ, ರಸ್ತೆಯ ನಡುವೆ ಬಸ್ಸಿಗೇ ಲೇನ್ ಕೊಟ್ಟರು. 2005ರಲ್ಲಿ ತೊರೆಯ ದಂಡೆ ಜನರಿಗೆ ತೆರೆಯಿತು. ಹೆದರಿದಂತೆ ಊರು ನಿಲ್ಲಲಿಲ್ಲ. ಕೆಡವಿದ ಜಾಗದಲ್ಲಿ ಈಗ ಜನ ನೀರಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ.

ಇನ್ನು ಎಲೆಕ್ಟ್ರಿಕ್. ಹೊಗೆಕೊಳವೆ ಇಲ್ಲದ ಗಾಡಿ ಒಳ್ಳೆಯದೇ, ಬರಲಿ. ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಎಂಬ ಕೆಟ್ಟ ಅನಿಲ ಅದರಿಂದ ಬರುವುದಿಲ್ಲ. ಬ್ರೇಕಿನ ಪುಡಿಯೂ ಕಡಿಮೆ. ಆದರೆ ಟೈರು ಸವೆಯುತ್ತದೆ, ರಸ್ತೆಯ ದೂಳು ಏಳುತ್ತದೆ. ಬ್ಯಾಟರಿಯಿಂದ ಗಾಡಿ ಭಾರವಾದಷ್ಟೂ ಟೈರಿನ ಸವೆತ ಜಾಸ್ತಿ. ಮತ್ತೆ, ಎಲೆಕ್ಟ್ರಿಕ್ ಕಾರು ರಸ್ತೆಯಲ್ಲಿ ಹಿಡಿಯುವ ಜಾಗ ಪೆಟ್ರೋಲ್ ಕಾರಿನಷ್ಟೇ. ಜಾಮ್ ಜಾಮೇ. ನನ್ನನ್ನು ಕೇಳಿದರೆ ಮೊದಲ ಬ್ಯಾಟರಿ ಬಸ್ಸಿಗೆ ಹೋಗಬೇಕು. ಕಾರು ದಿನದ ಬಹುಪಾಲು ಹೊತ್ತು ನಿಂತೇ ಇರುತ್ತದೆ. ಬಸ್ಸು ಬೆಳಗಿನಿಂದ ರಾತ್ರಿವರೆಗೆ ಓಡುತ್ತದೆ. ಎಲ್ಲಿ ಜಾಸ್ತಿ ಓಡಾಟವೋ ಅಲ್ಲಿ ಹೊಗೆ ನಿಲ್ಲಿಸಿದರೆ ತಾನೇ ಲಾಭ?

ನಮ್ಮ ಕಚೇರಿಗೆ ಎರಡು ಕಿಟಕಿ. ಒಂದು ಸಿಗ್ನಲ್ ಕಡೆಗೆ, ಇನ್ನೊಂದು ಹಿಂದಿನ ಮರದ ಕಡೆಗೆ. ಒಂದೇ ದಿನ ಎರಡರ ಅಂಚನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಒಂದು ವಾರ ಬಿಟ್ಟು ಬಿಳಿ ಬಟ್ಟೆಯಲ್ಲಿ ಮತ್ತೆ ಒರೆಸಿದೆ. ಮರದ ಕಡೆ ಬಂದದ್ದು ಕಂದು ಮಣ್ಣು. ಉಜ್ಜಿದರೆ ಉದುರಿತು. ಸಿಗ್ನಲ್ ಕಡೆಯದು ಕಪ್ಪು, ಜಿಡ್ಡು ಜಿಡ್ಡು. ಸೋಪು ಹಾಕಿ ಎರಡು ಸಲ ತಿಕ್ಕಿದರೂ ಬಟ್ಟೆಯಲ್ಲಿ ಕಲೆ ಉಳಿಯಿತು. ಇದು ಕಣ್ಣಿಗೆ ಕಾಣುವ ದೂಳು. ಎದೆಗೆ ಇಳಿಯುವುದು ಕಾಣದ್ದು. ಪಿಎಂ 2.5 ಅಂದರೆ ತಲೆಕೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಸಣ್ಣ ಕಣ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದಕ್ಕೆ ವರ್ಷದ ಸರಾಸರಿ ಮಿತಿ ಘನ ಮೀಟರಿಗೆ 10 ಮೈಕ್ರೋಗ್ರಾಂ ಅಂದಿತ್ತು. 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ಕಡಿಮೆ ಇದ್ದರೂ ಕೆಡುಕು ಅಂತ ಗೊತ್ತಾದ ಮೇಲೆ ಇಳಿಸಿದ್ದು.

ಗಾಜು ಏರಿಸಿದ ಕಾರಿನಲ್ಲಿ ಇದ್ದೀನಲ್ಲ ಅಂದುಕೊಳ್ಳಬೇಡಿ. ನಿಮ್ಮ ಕಾರಿನ ಒಳಗೆ ಗಾಳಿ ಬರುವುದು ಮುಂದಿನ ಗಾಜಿನ ಬುಡದ ಜಾಲರಿಯಿಂದ. ಜಾಮಿನಲ್ಲಿ ಅದರ ಎದುರಿಗೇ ಮುಂದಿನ ಗಾಡಿಯ ಹೊಗೆಕೊಳವೆ. ಸಾಮಾನ್ಯ ಫಿಲ್ಟರ್ ಕಣಗಳನ್ನು ಒಂದಷ್ಟು ತಡೆಯುತ್ತದೆ, ಅನಿಲಗಳನ್ನು ತಡೆಯುವುದಿಲ್ಲ. ಅದೂ ಅಲ್ಲದೆ ನಿಂತು, ಹೊರಟು, ಮತ್ತೆ ನಿಲ್ಲುವ ಗಾಡಿ ಒಂದೇ ಸಮ ಓಡುವ ಗಾಡಿಗಿಂತ ಕಿಲೋಮೀಟರಿಗೆ ಜಾಸ್ತಿ ಹೊಗೆ ಉಗುಳುತ್ತದೆ.

ನನಗೆ ನಿಜವಾಗಿ ಸಿಟ್ಟು ಇರುವುದು ನಿಮ್ಮ ಮೇಲಲ್ಲ. ಲೆಕ್ಕ ಇಡುವವರ ಮೇಲೆ. ರಸ್ತೆ ಯೋಜನೆ ಮಾಡುವಾಗ ಗಾಡಿ ಎಣಿಸುತ್ತಾರೆ. ಅದರ ಅಳತೆಗೆ ಪ್ಯಾಸೆಂಜರ್ ಕಾರ್ ಯೂನಿಟ್ ಅಂತ ಹೆಸರು. ಕಾರು ಅಂದರೆ ಒಂದು. ಬಸ್ಸು ಅಂದರೆ ಸಾಮಾನ್ಯವಾಗಿ ಎರಡೋ ಮೂರೋ, ಯಾಕೆಂದರೆ ಅದು ಅಷ್ಟು ಜಾಗ ಹಿಡಿಯುತ್ತದೆ. ಒಳಗೆ ಎಪ್ಪತ್ತು ಜನ ಇದ್ದಾರೆ ಅನ್ನುವುದು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಬಸ್ಸು ಅಲ್ಲಿ ಬರೀ ಒಂದು ದೊಡ್ಡ ಅಡ್ಡಿ! ಜನರನ್ನು ಎಣಿಸಿ ನೋಡಿ, ಚಿತ್ರವೇ ಬದಲಾಗುತ್ತದೆ. ಊರಿನ ರಸ್ತೆಯ ಒಂದು ಲೇನಿನಲ್ಲಿ ಕಾರುಗಳು ಗಂಟೆಗೆ ಸಾಗಿಸುವುದು ಹೆಚ್ಚೆಂದರೆ ಒಂದೂವರೆ ಸಾವಿರದ ಆಸುಪಾಸು ಜನರನ್ನು. ಅದೇ ಲೇನ್ ಬಸ್ಸಿಗೇ ಬಿಟ್ಟರೆ ನಾಲ್ಕು ಸಾವಿರಕ್ಕೂ ಮೇಲೆ.

ಈ ಕುರುಡು ಎಲ್ಲ ಕಡೆ ಇದೆ. ಪತ್ರಿಕೆಗಳಲ್ಲಿ "ಬಸ್ ಕೆಟ್ಟು ನಿಂತು ಟ್ರಾಫಿಕ್ ಜಾಮ್" ಅಂತ ಬರೆಯುತ್ತೇವೆ. ಕಾರುಗಳಿಂದಾಗಿ ಬಸ್ಸು ನಿಂತಿತು ಅಂತ ಒಂದು ತಲೆಬರಹ ನಾನು ಇವತ್ತಿನವರೆಗೆ ನೋಡಿಲ್ಲ. ಯಾವುದೇ ಸಮಾರಂಭದ ಆಹ್ವಾನ ಪತ್ರಿಕೆ ತೆಗೆದು ನೋಡಿ. ಕೆಳಗೆ "ಪಾರ್ಕಿಂಗ್ ವ್ಯವಸ್ಥೆ ಇದೆ" ಅಂತ ಇರುತ್ತದೆ. ಯಾವ ನಂಬರಿನ ಬಸ್ಸು, ಯಾವ ಸ್ಟಾಪಿನಲ್ಲಿ ಇಳಿಯಬೇಕು ಅಂತ ಇರುವುದಿಲ್ಲ. ಬಸ್ಸಿನಲ್ಲಿ ಬರುವವರು ಅತಿಥಿಗಳೇ ಅಲ್ಲವೇನೋ ಅನ್ನುವ ಹಾಗೆ. ಬಸ್ ಸ್ಟಾಪಿನಿಂದ ಬಾಗಿಲವರೆಗೆ ಫುಟ್‌ಪಾತ್ ಇದೆಯಾ ಅಂತ ಯಾರೂ ನೋಡುವುದಿಲ್ಲ. ಬಸ್ಸಿನ ಪ್ರಯಾಣ ಶುರುವಾಗುವುದು ಕಾಲ್ನಡಿಗೆಯಲ್ಲಿ, ಮುಗಿಯುವುದೂ ಕಾಲ್ನಡಿಗೆಯಲ್ಲಿ. ಕಾಲಿಡಲು ಜಾಗ ಇಲ್ಲದ ಕಡೆ ಎಷ್ಟು ಬಸ್ಸು ಬಿಟ್ಟರೇನು?

ಕೊನೆಗೆ ನಿಮ್ಮ ಪ್ರಶ್ನೆ. ಕಾರು ಮಾರಬೇಕಾ? ಬೇಡ. ಬಲವಂತ ಮಾಡಿದರೆ ಏನಾಗುತ್ತದೆ ಅಂತ ಮೆಕ್ಸಿಕೊ ಸಿಟಿ ತೋರಿಸಿದೆ. 1989ರಲ್ಲಿ ಅಲ್ಲಿ ನಂಬರ್ ಪ್ಲೇಟ್ ನೋಡಿ ವಾರಕ್ಕೊಂದು ದಿನ ಕಾರು ಓಡಿಸಬೇಡಿ ಅಂದರು. ಎಷ್ಟೋ ಜನ ಆ ಒಂದು ದಿನಕ್ಕೆ ಇನ್ನೊಂದು ಹಳೇ ಕಾರು ತಗೊಂಡರು. ಬರೀ ಬಸ್ಸು ಹೆಚ್ಚಿಸಿದರೂ ಸಾಲದು ಅಂತ ಸ್ವೀಡನ್ನಿನ ಸ್ಟಾಕ್‌ಹೋಮ್ ತೋರಿಸಿದೆ. ಅಲ್ಲಿ 2005ರಲ್ಲೇ ಹೆಚ್ಚುವರಿ ಬಸ್ಸು ಬಿಟ್ಟಿದ್ದರು, ಕಾರು ಅಷ್ಟಾಗಿ ಇಳಿಯಲಿಲ್ಲ. 2006ರ ಜನವರಿಯಲ್ಲಿ ಊರಿನ ನಡುಭಾಗಕ್ಕೆ ಬರುವ ಗಾಡಿಗಳಿಗೆ ಶುಲ್ಕ ಹಾಕಿದರು. ಗಾಡಿ ಕಡಿಮೆಯಾದದ್ದು ಸುಮಾರು 20 ಶೇಕಡ. ಸಾಲಿನಲ್ಲಿ ಕಾಯುವ ಹೊತ್ತು ಇಳಿದದ್ದು 30ರಿಂದ 50 ಶೇಕಡ. ಆಮೇಲೆ ಅಲ್ಲಿನ ಚಿಕ್ಕ ಮಕ್ಕಳಲ್ಲಿ ಆಸ್ತಮಾ ತೊಂದರೆಯೂ ಇಳಿದದ್ದು ಕಂಡುಬಂತು.

ಐದರಲ್ಲಿ ಒಂದು ಗಾಡಿ ಕಡಿಮೆಯಾದದ್ದಕ್ಕೇ ಅಲ್ಲಿ ಕಾಯುವುದು ಅಷ್ಟೊಂದು ಇಳಿಯಿತು. ಕೆಲಸದ ದಿನ ಐದು ಅಂದರೆ ನಿಮ್ಮ ಪಾಲಿಗೆ ವಾರಕ್ಕೊಂದು ದಿನ. ಅಷ್ಟು ಕೇಳುತ್ತೇನೆ. ಯಾವ ದಿನ ಅಂತ ನೀವೇ ನಿರ್ಧರಿಸಿ. ಹತ್ತಿದ ದಿನ ಒಂದು ಚೀಟಿ ಇಟ್ಟುಕೊಳ್ಳಿ. ಬಸ್ಸು ಎಷ್ಟು ಗಂಟೆಗೆ ಬಂತು, ಸ್ಟಾಪಿನಲ್ಲಿ ಎಷ್ಟು ನಿಮಿಷ ನಿಂತಿತು, ಗಾಡಿಗಳ ಹಿಂದೆ ಎಷ್ಟು ನಿಮಿಷ ನಿಂತಿತು ಅಂತ ಬರೆದು ನಮಗೆ ಕಳಿಸಿ. ಅಚ್ಚು ಹಾಕುತ್ತೇವೆ. ಬಸ್ಸಿಗೆ ಲೇನ್ ಎಲ್ಲಿ ಬೇಕು ಅಂತ ಕೇಳಲು ಹೋಗುವಾಗ ನಿಮ್ಮ ಚೀಟಿ ನನ್ನ ಕೈಯಲ್ಲಿರುತ್ತದೆ.

ನಮ್ಮ ಪತ್ರಿಕೆಯ ಮುಂದಿನ ಓದುಗರ ಸಭೆಯ ಆಹ್ವಾನದಲ್ಲಿ ಬಸ್ಸಿನ ನಂಬರುಗಳು ಮೇಲೆಯೇ ಇರುತ್ತವೆ, ಇಳಿಯುವ ಸ್ಟಾಪಿನ ಹೆಸರಿನ ಜೊತೆ. ಬನ್ನಿ. ಆ ಸ್ಟಾಪಿನಿಂದ ಸಭೆಯ ಬಾಗಿಲಿಗೆ ನಾನೇ ನಡೆದು ನೋಡಿದ್ದೇನೆ. ಆರು ನಿಮಿಷ, ದಾರಿಯುದ್ದಕ್ಕೂ ಫುಟ್‌ಪಾತ್ ಇದೆ.