ಹಾಸಿಗೆ ನಡುವೆ ತಗ್ಗು ಬಿದ್ದಿದೆ. ಮೇಲೊಂದು ಟಾಪರ್ (ಹಾಸಿಗೆ ಮೇಲೆ ಹಾಸುವ ತೆಳು ಮೆತ್ತೆ) ಹಾಕಿದರೆ ಸಾಕಾ, ಹೊಸ ಮ್ಯಾಟ್ರೆಸ್ಸೇ ತಗೊಳ್ಳಬೇಕಾ?

ತಗ್ಗು ಬಿದ್ದಿದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ಟಾಪರ್ ಮಾತು ಬಿಟ್ಟುಬಿಡಿ. ನಮ್ಮ ಮನೆಯಲ್ಲೂ ಇದೇ ಕಥೆ. ವಿಜಯಪುರದಲ್ಲಿದ್ದೇವೆ. ಹಳೆಯ ಕಾಯರ್ ಹಾಸಿಗೆ, ಅಂದರೆ ತೆಂಗಿನ ನಾರಿನದು, ಬೆಳಿಗ್ಗೆ ಸೊಂಟ ಹಿಡಿದುಕೊಂಡೇ ಏಳುವುದು. ಹೊಸದಕ್ಕೆ ಸುಮ್ನೆ ಯಾಕೆ ದುಡ್ಡು ಅಂತ ಆನ್‌ಲೈನ್‌ನಲ್ಲಿ ಎರಡು ಇಂಚಿನ ಮೆಮೊರಿ ಫೋಮ್ ಟಾಪರ್ ತರಿಸಿದೆ.

72 ಇಂಚೋ 75 ಇಂಚೋ ಅಂತ ಟೇಪ್ ಹಿಡಿದು ಅಳೆದಿದ್ದೆ. ಉದ್ದ ನೋಡಿದೆ, ಅಗಲ ನೋಡಿದೆ. ತಗ್ಗು ಎಷ್ಟು ಆಳ ಇದೆ ಅಂತ ಮಾತ್ರ ನೋಡಲಿಲ್ಲ. ಕೆಟ್ಟಿದ್ದು ಅಲ್ಲೇ. ಟಾಪರ್‌ಗೆ ಸ್ವಂತ ಬಲ ಇಲ್ಲ. ಕೆಳಗೆ ಏನಿದೆಯೋ ಹಾಗೇ ಬಾಗುತ್ತದೆ. ಕೆಳಗೆ ತಗ್ಗಿದ್ದರೆ ಮೇಲೂ ತಗ್ಗೇ, ಸ್ವಲ್ಪ ಮೆತ್ತಗಿನ ತಗ್ಗು. ಮೊದಮೊದಲು ಆ ಮೆತ್ತಗನ್ನೇ ಸುಖ ಅಂದುಕೊಂಡೆ. ಆಮೇಲೆ ಮತ್ತೆ ಅದೇ ನೋವು. ತಗ್ಗಿನಲ್ಲಿ ಚಾದರ ಮಡಚಿ ತುಂಬಿಸಿದೆ, ಅಲ್ಲೊಂದು ದಿಬ್ಬ ಎದ್ದಿತು! ವಾಪಸ್ ಕೊಡೋಣ ಅಂದರೆ ಪ್ಯಾಕಿಂಗ್ ಒಡೆದದ್ದು ತಗೊಳ್ಳಲ್ಲ ಅಂದರು. ಅಷ್ಟರಲ್ಲಿ ಬೇಸಿಗೆ ಬಂತು. ನಮ್ಮ ಕಡೆಯ ಏಪ್ರಿಲ್ ಗೊತ್ತಲ್ವಾ, 40 ಡಿಗ್ರಿ. ಮೆಮೊರಿ ಫೋಮ್ ಮೈಬಿಸಿಗೆ ಮೆತ್ತಗಾಗುತ್ತೆ, ಮೈ ಅದರೊಳಗೆ ಇಳಿಯುತ್ತೆ, ಗಾಳಿ ಆಡಲ್ಲ. ಬೆನ್ನೆಲ್ಲ ಬೆವರು. ಮಾಳಿಗೆ ಮೇಲೆ ಕೌದಿ ಹಾಸಿ ಮಲಗಿದೆ.

ಕೊನೆಗೆ ಹಾಸಿಗೆ ಎತ್ತಿ ನೋಡಿದರೆ ಮಂಚದ ಪ್ಲೈವುಡ್ಡೇ ಜೋತು ಬಿದ್ದಿತ್ತು. ಬಡಿಗೇರರು ಬಂದು, "ಇದರ ಮ್ಯಾಲ ಏನ್ ಹಾಕಿದ್ರೂ ಅಷ್ಟ ರೀ" ಅಂದರು. ಅಡ್ಡಪಟ್ಟಿ ಹೊಡೆದು ನಡುವೆ ಒಂದು ಕಾಲು ಕೊಟ್ಟರು.

ಅದಕ್ಕೇ ಟಾಪರ್ರಾ ಹೊಸದಾ ಅಂತ ಕೇಳೋದೇ ತಪ್ಪು ಅನ್ನುತ್ತೇನೆ. ಮೊದಲು ಮಂಚ ನೋಡಿ. ಹಲಗೆ ಮೇಲೆ ನೇರವಾದ ಕೋಲು ಅಡ್ಡ ಇಟ್ಟು, ಕೆಳಗೆ ಬೆರಳು ತೂರುತ್ತಾ ನೋಡಿ. ಆಮೇಲೆ ಹಾಸಿಗೆಯನ್ನು ನೆಲಕ್ಕೆ ಹಾಕಿ ಅದೇ ಕೋಲು ಇಡಿ. ಇಂಚಿಗಿಂತ ಜಾಸ್ತಿ ತಗ್ಗು ಕಂಡರೆ ಅದರ ಕಥೆ ಮುಗಿಯಿತು. ನಮ್ಮದು ಮುಗಿದಿತ್ತು. ಹಾಸಿಗೆ ಸಪಾಟಾಗಿದ್ದು ಬರೀ ಗಟ್ಟಿ ಅನಿಸಿದರೆ ಮಾತ್ರ ಟಾಪರ್.

ಹೊಸದು ಅಂದ ಕೂಡಲೇ ಶೋರೂಮಿಗೆ ಓಡಬೇಡಿ. ನಾವು ಹತ್ತಿ ಗಾದಿ ಮಾಡಿಸಿದೆವು. ಗಂಟುಗಂಟಾದರೆ ಹತ್ತಿ ಹಿಂಜಿಸಿ, ಹೊಸ ಬಟ್ಟೆಗೆ ತುಂಬಿಸಿ ಹೊಲಿಸಬಹುದು. ಫೋಮಿಗೆ ಆ ಅನುಕೂಲ ಎಲ್ಲಿದೆ? ಗಾದಿಯನ್ನು ಮಾತ್ರ ಆಗಾಗ ಬಿಸಿಲಿಗೆ ಹಾಕಬೇಕು, ಎತ್ತಲು ಇಬ್ಬರು ಬೇಕು, ಅದು ತಾಪತ್ರಯವೇ. ಧೂಳು ಆಗದವರಿದ್ದರೆ ಬೇಡ. ಫೋಮೇ ಬೇಕು ಅಂದರೆ ಡೆನ್ಸಿಟಿ ಕೇಳಿ. ಘನ ಮೀಟರಿಗೆ ಎಷ್ಟು ಕಿಲೋ ಅನ್ನೋ ಲೆಕ್ಕ ಅದು. ಅಂಗಡಿಯವರು ಅದನ್ನೇ ಗಟ್ಟಿತನ ಅಂತ ಹೇಳಿಬಿಡುತ್ತಾರೆ. ಹಾಗಲ್ಲ, ಅದು ಬಾಳಿಕೆಯ ಗುರುತು. ಗಟ್ಟಿ ಇದೆಯೋ ಇಲ್ಲವೋ ಅಂತ ಅಲ್ಲೇ ಚಪ್ಪಲಿ ಬಿಟ್ಟು ಮಲಗಿ ನೋಡಿ, ನಾಚಿಕೆ ಬೇಡ.