ನಿಮ್ಮ ಲೇಖನ ಏಳನೆಯ ಪುಟದಲ್ಲಿ ಆರಂಭವಾಗುತ್ತದೆ

ಮಾನ್ಯರೇ,

ಸಿಯಾಟಲ್‌ನಿಂದ ನೀವು ಕಳಿಸಿದ ‘ಕಾಗದವಿಲ್ಲದ ನಿಧಿಬೇಟೆ’ ಎಂಬ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ವಿಷಾದ ಸೂಚಿಸಿ ಹಿಂದಿರುಗಿಸಿಬಿಡುವಂಥ ಬರಹವೂ ಅದಲ್ಲವಾದ್ದರಿಂದ, ತುಸು ವಿವರವಾಗಿಯೇ ಉತ್ತರಿಸುತ್ತಿದ್ದೇನೆ. ಅಪರಿಚಿತರು ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ ರೇಖಾಂಶಗಳ ಜಾಡು ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಮತ್ತೆ ಇದ್ದಲ್ಲಿಯೇ ಇಟ್ಟು ಬರುವ ಜಿಯೋಕ್ಯಾಚಿಂಗ್ ಆಟವನ್ನು ನೀವು ನಿಜವಾಗಿ ಆಡಿದ್ದೀರಿ ಎಂಬುದು ಒಂದೆರಡು ಕಡೆಯಲ್ಲಾದರೂ ಸ್ಪಷ್ಟವಾಗಿ ಕಾಣುತ್ತದೆ. ಉಳಿದ ಕಡೆಗಳಲ್ಲಿ ಆ ಆಟದ ಫೋನ್ ಆ್ಯಪ್‌ನ ಜಾಹೀರಾತನ್ನು ಓದಿದ ಅನುಭವವಾಗುತ್ತದೆ.

ಒಂಬತ್ತು ಪುಟಗಳ ಲೇಖನದಲ್ಲಿ ಮೊದಲ ಮೂರು ಪುಟಗಳು ಇತಿಹಾಸಕ್ಕೆ ಹೋಗಿವೆ. ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿದ್ದು, ಅದರ ಬೆನ್ನಲ್ಲೇ ಮೇ 3ರಂದು ಡೇವ್ ಅಲ್ಮರ್ ಅವರು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಮೊದಲ ಬಕೆಟ್ಟನ್ನು ಅಡಗಿಸಿಟ್ಟದ್ದು, ಅದೇ ಸೆಪ್ಟೆಂಬರಿನಲ್ಲಿ ಇದಕ್ಕೆಂದೇ ಜಾಲತಾಣವೊಂದು ಆರಂಭವಾದದ್ದು, ಎಲ್ಲವೂ ಸರಿಯಾಗಿದೆ. ಆದರೆ ಅದಕ್ಕೆ ಎರಡು ವಾಕ್ಯ ಸಾಕು. ನಿಮ್ಮ ವಿಷಯ ಆಟದ ಹುಟ್ಟಲ್ಲ, ಫೋನು ಬಂದ ಮೇಲೆ ಆಟ ಹೇಗೆ ಬದಲಾಯಿತು ಎಂಬುದು. ಅದನ್ನು ಹೇಳಬೇಕಾದರೆ ಫೋನಿಗೆ ಮುಂಚೆ ಏನಿತ್ತು ಎಂಬುದನ್ನು ಓದುಗರ ಕಣ್ಣಿಗೆ ಕಟ್ಟಬೇಕು, ಮತ್ತು ನೀವು ಎಡವಿರುವುದು ಅಲ್ಲಿಯೇ.

‘ಸ್ಮಾರ್ಟ್‌ಫೋನ್ ಬಂದ ದಿನವೇ ಕಾಗದ ಮಾಯವಾಯಿತು’ ಎಂದು ಬರೆದಿದ್ದೀರಿ. ಹಾಗಾಗಲಿಲ್ಲ. ಡಬ್ಬಿಯ ವಿವರಗಳನ್ನು ಜಾಲತಾಣದಿಂದ ಮುದ್ರಿಸಿಕೊಂಡು ಒಯ್ಯುತ್ತಿದ್ದ ಆ ಕಾಗದವನ್ನು ಕೈಬಿಡುವ ಪ್ರಯತ್ನ ಫೋನಿಗಿಂತ ಹಳೆಯದು. ಹಣ ಕಟ್ಟಿದ ಸದಸ್ಯರು ಒಂದು ಪ್ರದೇಶದ ಡಬ್ಬಿಗಳ ವಿವರಗಳನ್ನೆಲ್ಲ ಜಿಪಿಎಕ್ಸ್ ಎಂಬ ಒಂದೇ ಫೈಲಿನಲ್ಲಿ ತರಿಸಿಕೊಂಡು, ಪಾಮ್ ಕಂಪನಿಯ ಅಂಗೈ ಸಾಧನಗಳಿಗೆ ತುಂಬಿಕೊಂಡು, ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಜಿಪಿಎಸ್ ಯಂತ್ರವನ್ನೂ ಹಿಡಿದು ಕಾಡಿಗೆ ಹೋಗುತ್ತಿದ್ದ ಕಾಲವೊಂದಿತ್ತು. 2008ರಲ್ಲಿ ಗಾರ್ಮಿನ್ ಕಂಪನಿಯ ಕೊಲೊರಾಡೊ ಎಂಬ ಯಂತ್ರ ವಿವರಣೆಯನ್ನೂ ಸುಳಿವನ್ನೂ ತನ್ನ ಪರದೆಯಲ್ಲೇ ತೋರಿಸತೊಡಗಿತು. ಜಿಪಿಎಸ್ ಇದ್ದ ಮೊದಲ ಐಫೋನ್ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಫೋನಿನ ಹೆಚ್ಚುಗಾರಿಕೆ ಕಾಗದವನ್ನು ಇಲ್ಲವಾಗಿಸಿದ್ದರಲ್ಲಿಲ್ಲ. ಎರಡು ಸಾಧನಗಳ ಕೆಲಸವನ್ನು ಎಲ್ಲರ ಜೇಬಿನಲ್ಲೂ ಇರುವ ಒಂದೇ ಸಾಧನಕ್ಕೆ ಇಳಿಸಿದ್ದರಲ್ಲಿದೆ.

ಕಾಗದದ ಕಾಲವನ್ನು ತೋರಿಸಲು ಸುಳಿವಿನ ಗೂಢಲಿಪಿಯೊಂದೇ ಸಾಕಿತ್ತು. ಸುಳಿವನ್ನು ಇಂಗ್ಲಿಷ್ ಅಕ್ಷರಮಾಲೆಯಲ್ಲಿ 13 ಸ್ಥಾನ ಜರುಗಿಸಿ ಬರೆಯುತ್ತಾರೆ: ಎ ಇದ್ದಲ್ಲಿ ಎನ್, ಬಿ ಇದ್ದಲ್ಲಿ ಓ. ಮರ ಎಂಬರ್ಥದ ‘ಟ್ರೀ’ ಎಂಬ ಪದ ಅಲ್ಲಿ ಜಿ, ಇ, ಆರ್, ಆರ್ ಎಂದು ನಿಂತಿರುತ್ತದೆ. ಅಕ್ಷರಗಳು 26 ಇರುವುದರಿಂದ ಕಟ್ಟುವ ಕ್ರಮವೂ ಬಿಡಿಸುವ ಕ್ರಮವೂ ಒಂದೇ. ಅದರ ಕೀಲಿ ಎರಡು ಸಾಲುಗಳಲ್ಲಿ ಮುದ್ರಿತ ಹಾಳೆಯ ಮೇಲೆಯೇ ಇರುತ್ತಿತ್ತು. ಮಳೆಹನಿ ಬಿದ್ದು ಶಾಯಿ ಹರಡಿದ ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು ಒಂದೊಂದೇ ಅಕ್ಷರ ಬಿಡಿಸಬೇಕಾದವರು, ಸುಳಿವು ನೋಡುವ ಮುನ್ನ ಇನ್ನೊಂದು ಸುತ್ತು ಹುಡುಕುತ್ತಿದ್ದರು. ಈಗ ಒಮ್ಮೆ ಬೆರಳು ತಾಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಆ ಸಣ್ಣ ತೊಡಕು ಹೋದದ್ದರಿಂದ ಆಟಕ್ಕೆ ಲಾಭವಾಯಿತೋ ನಷ್ಟವಾಯಿತೋ ಎಂಬುದರ ಬಗ್ಗೆ ನಿಮಗೊಂದು ಅಭಿಪ್ರಾಯ ಇದ್ದೇ ಇರುತ್ತದೆ. ಅದನ್ನು ಬರೆಯಿರಿ. ‘ಕ್ರಾಂತಿಕಾರಿ’, ‘ಅದ್ಭುತ’, ‘ಬೆರಳ ತುದಿಯಲ್ಲಿ ಜಗತ್ತು’ ಎಂಬ ಮಾತುಗಳನ್ನು ಹೊಡೆದುಹಾಕಿ.

ನಾಲ್ಕನೆಯ ಪುಟದಲ್ಲಿ ನಿರ್ದೇಶಾಂಕವನ್ನು ನೀವು ಬರೆದಿರುವ ರೀತಿ ಅಪಾಯಕಾರಿಯಾಗಿದೆ. ಈ ಆಟದಲ್ಲಿ ರೂಢಿಯಲ್ಲಿರುವುದು ಡಿಗ್ರಿ ಮತ್ತು ದಶಮಾಂಶದ ಮಿನಿಟು (ಮಿನಿಟು ಎಂದರೆ ಡಿಗ್ರಿಯ ಅರವತ್ತನೆಯ ಒಂದು ಪಾಲು). ಅನೇಕ ನಕ್ಷೆಯ ಆ್ಯಪ್‌ಗಳಲ್ಲಿ ಇರುವುದು ಬರೀ ದಶಮಾಂಶದ ಡಿಗ್ರಿ. ನೀವು ಎರಡನ್ನೂ ಬೆರೆಸಿದ್ದೀರಿ. 47 ಡಿಗ್ರಿ 39.000 ಮಿನಿಟು ಎಂದರೆ 47.65 ಡಿಗ್ರಿ. ಅದನ್ನೇ ನಿಮ್ಮಂತೆ 47.39 ಎಂದು ನಮೂದಿಸಿದವರು ಸುಮಾರು 29 ಕಿ.ಮೀ. ದಕ್ಷಿಣಕ್ಕೆ ಹೋಗಿ ನಿಂತಿರುತ್ತಾರೆ. ಮಿನಿಟಿನ ಮೂರನೆಯ ದಶಮಾಂಶದ ಒಂದು ಅಂಕೆ ಅಕ್ಷಾಂಶದಲ್ಲಿ 1.85 ಮೀಟರಿಗೆ ಸಮ ಎಂಬುದನ್ನೂ ಸೇರಿಸಿದರೆ, ಆ ಅಂಕೆಗಳಿಗೆ ಎಷ್ಟು ಬೆಲೆಯಿದೆ ಎಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ.

ಇನ್ನು ಸುರಂಗದ ಪ್ರಸಂಗ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಸ್ನೋಕ್ವಾಲ್ಮಿ ಕಣಿವೆಯ ಹಳೆಯ ರೈಲು ಸುರಂಗವನ್ನು ಹೊಕ್ಕು, ಅದರ ಆಚೆಯ ಕಾಡಿನಲ್ಲಿದ್ದ ಡಬ್ಬಿಯನ್ನು ನೀವು ಹುಡುಕಿದ್ದೀರಿ. ‘ಕಗ್ಗತ್ತಲಿನಲ್ಲೂ ಫೋನಿನ ಬಾಣ ನನಗೆ ದಾರಿ ತೋರುತ್ತಲೇ ಇತ್ತು’ ಎಂಬ ವಾಕ್ಯವನ್ನು ಓದಿ ನಾನು ಪೆನ್ನು ಕೆಳಗಿಟ್ಟೆ. ಸುಮಾರು 3.7 ಕಿ.ಮೀ. ಉದ್ದದ ಆ ಸುರಂಗದ ಒಳಗೆ, ತಲೆಯ ಮೇಲೆ ಇಡೀ ಬೆಟ್ಟವೇ ಇರುವಾಗ, ಉಪಗ್ರಹದ ಸಂಕೇತ ಬರುವುದು ಸಾಧ್ಯವಿಲ್ಲ. ಬಾಣ ತಿರುಗಿದ್ದನ್ನು ನೀವು ನೋಡಿದ್ದರೆ, ಅದನ್ನು ತಿರುಗಿಸಿದ್ದು ಫೋನಿನೊಳಗಿನ ಕಾಂತೀಯ ದಿಕ್ಸೂಚಿ. ನೀವಿದ್ದ ಸ್ಥಳವಂತೂ ಸುರಂಗದ ಬಾಯಿಯಲ್ಲಿಯೇ ನಿಂತುಹೋಗಿರುತ್ತದೆ. ಹಾಗಾದರೆ ಒಳಗೆ ಏನಾಯಿತು? ಇಳಿಯುತ್ತ ಹೋಗಬೇಕಾದ ದೂರದ ಅಂಕೆ ಕದಲದೆ ನಿಂತಾಗ ನಿಮಗೇನನ್ನಿಸಿತು, ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಎಷ್ಟು ಹೊತ್ತು ನಡೆದಿರಿ, ಆಚೆ ಬದಿಯಲ್ಲಿ ಹೊರಬಿದ್ದ ಮೇಲೆ ಫೋನು ಎಷ್ಟು ಬೇಗ ಮತ್ತೆ ಆಕಾಶವನ್ನು ಹಿಡಿಯಿತು? ಇಂಥ ಕಡೆ ಫೋನು ಸುಮ್ಮನಾಗುವುದು ಸಹಜ, ಮತ್ತು ಅದೇ ಒಳ್ಳೆಯ ಬರವಣಿಗೆಗೆ ಸಿಕ್ಕ ಅವಕಾಶ. ನೀವು ಫೋನಿನ ಮಾನ ಕಾಯಲು ಹೋಗಿ ಆ ಅವಕಾಶವನ್ನು ಕಳೆದುಕೊಂಡಿದ್ದೀರಿ.

ಇಂಥದ್ದೇ ಅತ್ಯುತ್ಸಾಹ ‘ನಮ್ಮ ನಾವಿಕ್ ಉಪಗ್ರಹಗಳು ವಾಷಿಂಗ್ಟನ್ನಿನ ಕಾಡಿನಲ್ಲೂ ಕೈಹಿಡಿದವು’ ಎಂಬ ಮಾತಿನಲ್ಲಿದೆ. ಹಾಸನದ ನಿಯಂತ್ರಣ ಕೇಂದ್ರವೂ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿರುವ ಇಸ್ರೋದ ನ್ಯಾವಿಗೇಷನ್ ಕೇಂದ್ರವೂ ನಮಗೆಲ್ಲ ಹೆಮ್ಮೆಯವೇ. ಆದರೆ ಸ್ಥಳ ತಿಳಿಸುವ ಭಾರತದ ಉಪಗ್ರಹ ಜಾಲವಾದ ನಾವಿಕ್ ಪ್ರಾದೇಶಿಕ ವ್ಯವಸ್ಥೆ. ಭಾರತ ಮತ್ತು ಅದರ ಗಡಿಯಿಂದ ಸುಮಾರು 1,500 ಕಿ.ಮೀ. ವ್ಯಾಪ್ತಿಗೆಂದು ರೂಪಿಸಿದ ಆ ಉಪಗ್ರಹಗಳು ಸಿಯಾಟಲ್‌ನ ದಿಗಂತದ ಮೇಲೆ ಏಳುವುದೇ ಇಲ್ಲ. ಅಲ್ಲಿ ನಿಮ್ಮ ಫೋನು ನೆಚ್ಚಿಕೊಂಡಿದ್ದು ಜಿಪಿಎಸ್, ಯುರೋಪಿನ ಗೆಲಿಲಿಯೋದಂಥ ಜಾಗತಿಕ ವ್ಯವಸ್ಥೆಗಳನ್ನು. ಈ ಕಂಡಿಕೆಯನ್ನು ಪೂರ್ತಿ ತೆಗೆಯಿರಿ.

ಏಳನೆಯ ಪುಟಕ್ಕೆ ಬಂದಾಗ, ‘ಫೋನನ್ನು ಜೇಬಿಗಿಟ್ಟು ಮರದ ಬುಡಗಳ ನಡುವೆ ಸುಮ್ಮನೆ ಒಂದು ಸುತ್ತು ನಡೆದೆ’ ಎಂಬ ವಾಕ್ಯ ಸಿಕ್ಕಿತು. ಇಡೀ ಲೇಖನದಲ್ಲಿ ಜೀವವಿರುವ ವಾಕ್ಯ ಇದೊಂದೇ, ಮತ್ತು ನೀವು ಅದರ ಮುಂದೆ ನಿಲ್ಲದೆ ಆ್ಯಪ್‌ನ ಮುಂದಿನ ಸೌಲಭ್ಯಕ್ಕೆ ಹಾರಿದ್ದೀರಿ. ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ, ಒಳ್ಳೆಯ ಫೋನು ಸುಮಾರು 5 ಮೀಟರಿನಷ್ಟು ನಿಖರತೆ ಕೊಡುತ್ತದೆ. ದಟ್ಟವಾದ ಶಂಕುಮರಗಳ ಕೆಳಗೆ ಸಂಕೇತ ಕ್ಷೀಣಿಸಿ, ಬಂಡೆಗೆ ತಾಗಿ ಪ್ರತಿಫಲಿಸಿ, ಆ ಅಂತರ ಹಿಗ್ಗುತ್ತದೆ. ಡಬ್ಬಿ ಬಚ್ಚಿಟ್ಟವರ ಸಾಧನಕ್ಕೂ ಅದೇ ಬಗೆಯ ದೋಷವಿತ್ತು ಎಂಬುದನ್ನು ಮರೆಯಬಾರದು. ಆದ್ದರಿಂದಲೇ ಪರದೆಯ ಮೇಲೆ 4 ಮೀಟರ್ ಎಂದಿದ್ದದ್ದು ಒಂದು ಹೆಜ್ಜೆ ಇಟ್ಟೊಡನೆ 9 ಆಗಿ, ಬಾಣ ಬೆನ್ನ ಹಿಂದಕ್ಕೆ ತಿರುಗುತ್ತದೆ. ಆಯಸ್ಕಾಂತದ ಮುಚ್ಚಳವಿರುವ ಕವರು ಹಾಕಿದ್ದರೆ ಅದರ ಚಾಂಚಲ್ಯ ಇನ್ನೂ ಹೆಚ್ಚು. ಅಲ್ಲಿಂದ ಮುಂದೆ ಬೇಕಾಗುವುದು ಕಣ್ಣು: ತಾನಾಗಿ ಬಿದ್ದಂತಿಲ್ಲದೆ ಒಂದೇ ದಿಕ್ಕಿಗೆ ಒರಗಿಸಿಟ್ಟ ಕಡ್ಡಿಗಳು, ಸುತ್ತ ಪಾಚಿಯಿದ್ದರೂ ಮೇಲೆ ಮಾತ್ರ ಪಾಚಿ ಉಜ್ಜಿಹೋದ ಕಲ್ಲು, ಬೇರುಗಳ ಸಂದಿಗೆ ತುರುಕಿದ ತೊಗಟೆ. ನೀವು ಕಂಡದ್ದು ಇವುಗಳಲ್ಲಿ ಯಾವುದು? ಅದನ್ನು ಹೇಳುವ ಹೊಣೆ ನಿಮ್ಮದು. ಕಷ್ಟದ ಮಟ್ಟ ಮತ್ತು ಡಬ್ಬಿಯ ಗಾತ್ರವನ್ನು ಆ್ಯಪ್‌ನಲ್ಲಿ ಮೊದಲೇ ನೋಡಿದ್ದಿರಾದರೆ, ಆ ತಿಳಿವಳಿಕೆ ನಿಮ್ಮ ಹುಡುಕಾಟವನ್ನು ಹೇಗೆ ತಿದ್ದಿತು ಎಂಬುದೂ ಇಲ್ಲಿಗೇ ಸೇರಬೇಕು. ಫಿಲ್ಮ್ ರೋಲಿನ ಡಬ್ಬಿಯಷ್ಟು ಚಿಕ್ಕದನ್ನು ಹುಡುಕುವವರು ನೋಡುವ ಜಾಗಗಳೇ ಬೇರೆ.

ಆಮೇಲೆ ‘ಆ್ಯಪ್‌ನಲ್ಲಿ ಗುಂಡಿ ಒತ್ತಿದೆ, ಕೆಲಸ ಮುಗಿಯಿತು’ ಎನ್ನುತ್ತೀರಿ. ಪುಸ್ತಕದಲ್ಲಿ ಸಹಿ ಹಾಕಿದಿರೋ ಇಲ್ಲವೋ? ಎಷ್ಟೇ ಆ್ಯಪ್‌ಗಳು ಬಂದಿದ್ದರೂ, ಇಂಥ ಡಬ್ಬಿ ಸಿಕ್ಕಿತೆನ್ನಲು ಅದರೊಳಗಿನ ಕಾಗದದ ಮೇಲೆ ನಿಮ್ಮ ಹೆಸರಿರಬೇಕೆಂಬುದು ಇಂದಿಗೂ ನಿಯಮ. ತೇವದ ಹಾಳೆಯ ಮೇಲೆ ಬಾಲ್‌ಪೆನ್ನು ಬರೆಯುವುದಿಲ್ಲ, ಪೆನ್ಸಿಲ್ ಬರೆಯುತ್ತದೆ. ಕಾಗದರಹಿತ ಆಟದ ಬಗ್ಗೆ ಬರೆಯುವವರು ಈ ಕಾಗದವನ್ನು ಮರೆತರೆ ಅನುಭವಿಗಳು ನಗುತ್ತಾರೆ.

ಸಿದ್ಧತೆಯ ಭಾಗವನ್ನು ಒಂದೇ ಕಂಡಿಕೆಗೆ ಇಳಿಸಬಹುದು. ಮನೆಯಲ್ಲಿ ವೈಫೈ ಇರುವಾಗಲೇ ವಿವರಣೆ, ಸುಳಿವು, ನಕ್ಷೆಗಳನ್ನು ಆಫ್‌ಲೈನ್ ಉಳಿಸಿಕೊಳ್ಳುವುದು. ಮೊಬೈಲ್ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ ಎಂಬ ಅರಿವು. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಪವರ್ ಬ್ಯಾಂಕು. ಒದ್ದೆ ಬೆರಳಿಗೆ ಪರದೆ ಸರಿಯಾಗಿ ಓಗೊಡದು ಎಂಬ ಎಚ್ಚರ. ಜೊತೆಗೆ ನೀವು ಬಿಟ್ಟಿರುವ ಒಂದು ಮಾತು: ಹಿಂದೆ ಹೋದವರ ಇತ್ತೀಚಿನ ಟಿಪ್ಪಣಿಗಳನ್ನೂ ಉಳಿಸಿಕೊಳ್ಳಬೇಕು. ಸಾಲಾಗಿ ಮೂರು ನಾಲ್ಕು ಜನ ‘ಸಿಗಲಿಲ್ಲ’ ಎಂದು ಬರೆದಿದ್ದರೆ ಡಬ್ಬಿಯೇ ಅಲ್ಲಿಲ್ಲದಿರುವ ಸಂಭವ ಹೆಚ್ಚು.

ಪರಿಷ್ಕೃತ ಲೇಖನ ಸುರಂಗದ ಆಚೆ ಬದಿಯಿಂದಲೇ ಆರಂಭವಾಗಲಿ. ಮೇಲೆ ಹೇಳಿದ್ದೆಲ್ಲ ಆ ನಡಿಗೆಯ ನಡುವೆ ಅಲ್ಲಲ್ಲಿ ಬರಲಿ. ಈಗಿನ ಅರ್ಧದಷ್ಟು ಉದ್ದ ಸಾಕು. ನೀವು ಕಳಿಸಿದ ಚಿತ್ರಗಳಲ್ಲಿ ಮೂರನೆಯದು ಡಬ್ಬಿಯಿರುವ ಜಾಗವನ್ನು ಬಯಲು ಮಾಡುವುದರಿಂದ ಅದನ್ನು ಬಳಸುವುದಿಲ್ಲ. ಸಹಿ ಪುಸ್ತಕದ ಪುಟದ ಚಿತ್ರವಿದ್ದರೆ, ಇತರರ ಹೆಸರುಗಳನ್ನು ಮರೆಮಾಡಿ, ಅದನ್ನು ಕಳಿಸಿ.

ಇತಿ,
ಸಂಪಾದಕ