ರೇಷ್ಮೆ ಪರದೆ ಹಿಸಿಯುತ್ತಿರುವುದು ಕೊಳೆಯಿಂದಲ್ಲ, ಬಿಸಿಲಿನಿಂದ

ಪ್ರಶ್ನೆ: ನಡುಮನೆಯ ಕಿಟಕಿಗೆ 3 ವರ್ಷಗಳ ಹಿಂದೆ ರೇಷ್ಮೆ ಪರದೆಗಳನ್ನು ಹೊಲಿಸಿ ಹಾಕಿದ್ದೆವು. ಈಗ ಅಂಚಿನಲ್ಲೂ ನೆರಿಗೆಗಳ ಮೇಲೂ ಬಣ್ಣ ಮಾಸಿ, ಬಟ್ಟೆ ಉದ್ದಕ್ಕೆ ಸೀಳುತ್ತಿದೆ. ಧೂಳಿನಿಂದ ಹೀಗಾಗಿದ್ದರೆ ಮನೆಯಲ್ಲೇ ಒಗೆಯಬಹುದೇ? ಸೋಫಾಕ್ಕೂ ಇದೇ ಬಟ್ಟೆ ಹಾಕಿಸಬೇಕೆಂದಿದ್ದೇವೆ.

ಉತ್ತರ: ದಯವಿಟ್ಟು ಒಗೆಯಬೇಡಿ. ರೇಷ್ಮೆಯ ಎಳೆ ನಮ್ಮ ಕೂದಲಿನಂತೆಯೇ ಪ್ರೋಟೀನಿನಿಂದಾದದ್ದು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಆ ಪ್ರೋಟೀನಿನ ಸರಪಳಿಯನ್ನು ತುಂಡರಿಸುತ್ತವೆ, ಮತ್ತು ಕಿಟಕಿಯ ಸಾಮಾನ್ಯ ಗಾಜು ಅವುಗಳನ್ನು ಪೂರ್ತಿಯಾಗಿ ತಡೆಯುವುದಿಲ್ಲ. ನೆರಿಗೆಯ ಉಬ್ಬು ಮಾತ್ರ ಸೀಳಿ, ಒಳಮಡಿಕೆ ಗಟ್ಟಿಯಾಗಿ ಉಳಿದಿದ್ದರೆ ಅದು ಬಿಸಿಲಿನದೇ ಗುರುತು. ವಸ್ತುಸಂಗ್ರಹಾಲಯಗಳು ರೇಷ್ಮೆಯನ್ನು ಸುಮಾರು 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಇಡುವುದು ಈ ಕಾರಣಕ್ಕೇ. ರೇಷ್ಮೆ ಒದ್ದೆಯಾದಾಗ ಇನ್ನಷ್ಟು ಬಲ ಕಳೆದುಕೊಳ್ಳುವುದರಿಂದ, ಈಗಾಗಲೇ ಹಿಸಿದ ಪರದೆ ಬಕೆಟ್ಟಿನಲ್ಲೇ ಚಿಂದಿಯಾದೀತು. ಸೀಳಿದ ಭಾಗಗಳನ್ನು ಕತ್ತರಿಸಿ ತೆಗೆದು, ಗಟ್ಟಿಯಿರುವ ಭಾಗದಲ್ಲಿ ದಿಂಬಿನ ಹೊದಿಕೆ ಹೊಲಿಸಿಕೊಳ್ಳುವುದು ಜಾಣತನ.

ಹೊಸ ಪರದೆ ಹೊಲಿಸುವಾಗ ಹಿಂಬದಿಗೆ ದಟ್ಟ ನೇಯ್ಗೆಯ ಹತ್ತಿಯ ಲೈನಿಂಗ್ ಇರಲೇಬೇಕು. ರೇಷ್ಮೆಗೆ ಕೊಟ್ಟ ಹಣ ಉಳಿಯುವುದು ಅದರಿಂದಲೇ, ಆದರೂ ಉಳಿತಾಯದ ನೆಪದಲ್ಲಿ ಜನ ಮೊದಲು ಕೈಬಿಡುವುದೂ ಅದನ್ನೇ. ಕಿಟಕಿಯ ನಡುವಿಗೆ ಬರುವ ಅಂಚಿಗೆ ಬಿಸಿಲು ಹೆಚ್ಚು ತಗಲುವುದರಿಂದ, ಅಲ್ಲಿಗೆ ಬೇಕಾದಾಗ ಬಿಚ್ಚಿ ಬದಲಿಸಬಹುದಾದ ಬೇರೊಂದು ಬಟ್ಟೆಯ ಪಟ್ಟಿ ಕೊಡಿಸಿ. 6 ತಿಂಗಳಿಗೊಮ್ಮೆ ಎಡಬಲದ ಪರದೆಗಳನ್ನು ಅದಲುಬದಲು ಮಾಡಿದರೆ ಒಂದೇ ಅಂಚು ಸದಾ ಬೆಳಕಿಗೆ ಒಡ್ಡಿಕೊಳ್ಳುವುದು ತಪ್ಪುತ್ತದೆ. ಪರದೆ ಗಾಜಿಗೆ ತಾಗದಿರಲಿ, ಏಕೆಂದರೆ ಗಾಜಿನ ಮೇಲೆ ಕೂಡುವ ಹನಿಗಳೂ ರೇಷ್ಮೆಯಲ್ಲಿ ಕಲೆಯಾಗುತ್ತವೆ.

ದಿನವೂ ಕೂರುವ ಸೋಫಾಕ್ಕೆ ರೇಷ್ಮೆ ಬೇಡ. ಬೆವರಿನ ಉಪ್ಪು ಮತ್ತು ಉಜ್ಜಾಟ ಎರಡನ್ನೂ ಅದು ತಾಳುವುದಿಲ್ಲ, ಅದರಲ್ಲೂ ಸ್ಯಾಟಿನ್ ನೇಯ್ಗೆಯ ಮೇಲೆ ಉದ್ದಕ್ಕೆ ತೇಲುವ ಎಳೆಗಳು ಉಗುರು ತಾಗಿದರೂ ಕಿತ್ತುಬರುತ್ತವೆ. ಆಸೆ ತೀರದಿದ್ದರೆ ಒರಗುದಿಂಬುಗಳಿಗೆ ಹಾಕಿಸಿ. ಅವುಗಳ ಮೇಲೆ ಏನಾದರೂ ಚೆಲ್ಲಿದರೆ ಬಿಳಿಯ ಬಟ್ಟೆಯನ್ನು ಒತ್ತಿ ಹೀರಿಸಬೇಕೇ ಹೊರತು ಉಜ್ಜಬಾರದು. ಉಜ್ಜಿದಲ್ಲಿ ಎಳೆಗಳು ತರಚಿ ಉಳಿಯುವ ಬಿಳಿಚು ಮಚ್ಚೆಯನ್ನು ಯಾವ ಡ್ರೈಕ್ಲೀನಿಂಗೂ ಹೋಗಲಾಡಿಸಲಾರದು. ಒಗೆಯುವ ಸೋಡಾ ಹಾಗೂ ಕ್ಷಾರದ ಸಾಬೂನುಗಳು ಎಳೆಯನ್ನು ಕೆಡಿಸುತ್ತವೆ, ಕ್ಲೋರಿನ್ ಬ್ಲೀಚ್ ಅಂತೂ ಅದನ್ನು ಕರಗಿಸಿಯೇಬಿಡುತ್ತದೆ.

ಧೂಳಿನ ಬಗೆಗಿನ ನಿಮ್ಮ ಅನುಮಾನ ಪೂರ್ತಿ ತಪ್ಪೇನಲ್ಲ: ಅದರ ಮೊನಚು ಕಣಗಳು ಎಳೆಗಳನ್ನು ಸವೆಸುತ್ತವೆ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳು ಬಲೆ ಕಟ್ಟಿ, ಅತಿ ಕಡಿಮೆ ಸೆಳೆತದಲ್ಲಿ ಆಗಾಗ ತೆಗೆಯುತ್ತಿದ್ದರೆ ಸಾಕು. ಬಳಸದ ಬಟ್ಟೆಯನ್ನು ಮಡಚದೆ ಸುರುಳಿ ಸುತ್ತಿ, ಪ್ಲಾಸ್ಟಿಕ್ಕಿನ ಬದಲು ಒಗೆದ ಹತ್ತಿಬಟ್ಟೆಯಲ್ಲಿ ಕಟ್ಟಿಡಿ; ನುಸಿಗುಳಿಗೆ ಇಡುವುದಾದರೆ ಅದು ರೇಷ್ಮೆಗೆ ತಾಗದಂತೆ ನೋಡಿಕೊಳ್ಳಿ.